ಮುಯ್ಯಿ ಕರೆಂಟು

ನಾನು ಆಗ ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಮನೆಯವರಿಗೆ ಅರ್ಥ ಮಾಡಿಸಲು ನನ್ನಿಂದ ಕೊನೆಗೂ ಆಗಲಿಲ್ಲ. ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟಿದ್ದ ಅಪ್ಪ, ಕೇಳಿದವರಿಗೆಲ್ಲ "ಮಗಳು ಕರೆಂಟ್ ಆಫೀಸಿನಲ್ಲಿದ್ದಾಳೆ" ಎಂದು ಹೇಳಿಬಿಡುತ್ತಿದ್ದರು. ಹೀಗಾಗಿ ಬೀದಿಯಲ್ಲಿ ಫ್ಯೂಸು ಹೋದಾಗಲೆಲ್ಲ ಜನ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದರು. ನಾನು ಕಂಬ ಹತ್ತುವವಳಲ್ಲ, ನಿಯಮ ಬರೆಯುವವಳು ಎಂದರೆ, "ಅದೇನ್ ನಿಯಮನೋ ಕಾಣೆ, ಮೊದ್ಲು ಈ ಲೈಟ್ ಹತ್ಸವ್ವ" ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ವಿಷಯ ಇಷ್ಟೆ. ದೊಡ್ಡ ಲೈನು ತಲುಪದ ಊರುಗಳಲ್ಲಿ ಜನರೇ ಸಂಘ ಕಟ್ಟಿಕೊಂಡು, ಬಿಸಿಲಿನಿಂದಲೋ ಸೌದೆಯಿಂದಲೋ ತಮ್ಮ ಊರಿಗೆ ಸಾಲುವಷ್ಟು ಕರೆಂಟು ತಯಾರಿಸಿಕೊಳ್ಳುವುದು ಆಗ ಅಲ್ಲಲ್ಲಿ ಶುರುವಾಗಿತ್ತು. ಇಂಥ ಪುಟ್ಟ ಜಾಲಗಳನ್ನು ಏನು ಮಾಡಬೇಕೆಂದು ಯಾವ ಕಾನೂನೂ ನೆಟ್ಟಗೆ ಹೇಳುತ್ತಿರಲಿಲ್ಲ. ದರವನ್ನು ಯಾರು ಗೊತ್ತುಮಾಡಬೇಕು, ತಂತಿ ಹರಿದರೆ ಯಾರು ಹೊಣೆ, ನಾಳೆ ದೊಡ್ಡ ಲೈನು ಬಂದರೆ ಪುಟ್ಟದರ ಗತಿಯೇನು, ಇದಕ್ಕೆಲ್ಲ ನಿಯಮಗಳ ಕರಡು ಬರೆಯಲು ಸರ್ಕಾರಕ್ಕೆ ತಾಂತ್ರಿಕ ನೆರವು ಕೊಡುತ್ತಿದ್ದ ತಂಡದಲ್ಲಿ ನಾನಿದ್ದೆ. ತಂಡ ಎಂದರೆ ಮೂರು ಮೇಜು, ಒಂದು ಪ್ರಿಂಟರು, ಮತ್ತು ಆ ಪ್ರಿಂಟರಿನ ಮೇಲೆ ಎಲ್ಲರ ಸಿಟ್ಟು.

ಕರಡಿಗೆ ಒಪ್ಪಿಗೆ ಕೊಡಬೇಕಾಗಿದ್ದವರು ಒಬ್ಬ ಹಿರಿಯ ಅಧಿಕಾರಿ. ಇಡೀ ಜೀವಮಾನ ದೊಡ್ಡ ಲೈನುಗಳ ಜೊತೆ ಕಳೆದವರು. ಮಾತು ಕಡಿಮೆ, ನಶ್ಯ ಜಾಸ್ತಿ. ಯೋಚನೆ ಬಂದಾಗಲೆಲ್ಲ ಜೇಬಿನಿಂದ ಬೆಳ್ಳಿಯ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸುತ್ತಿದ್ದರು. ಒಬ್ಬ ಗ್ರಾಹಕ ತನ್ನ ಪಾಲಿನ ವಿದ್ಯುತ್ತನ್ನು ಇನ್ನೊಬ್ಬನಿಗೆ ಕೊಡತಕ್ಕದ್ದಲ್ಲ ಎಂಬ ಕಲಮಿನ ಮೇಲೆ ಅವರಿಗೆ ಬಲು ಪ್ರೀತಿ. ದೊಡ್ಡ ಲೈನಿನ ನಿಯಮಗಳಿಂದ ಅದನ್ನು ಎತ್ತಿ ನಮ್ಮ ಕರಡಿನೊಳಗೆ ಕೂರಿಸಿದವರೂ ಅವರೇ. "ಅದೊಂದನ್ನು ಸಡಿಲ ಬಿಟ್ಟರೆ ಊರಲ್ಲಿ ಯಾರೂ ಯಾರ ಮಾತೂ ಕೇಳುವುದಿಲ್ಲಮ್ಮ" ಎನ್ನುತ್ತಿದ್ದರು.

ನಾನು ನೋಡಿಕೊಳ್ಳುತ್ತಿದ್ದ ಊರು ಕನಕಪುರದಿಂದಾಚೆ ಕಾಡಂಚಿನಲ್ಲಿತ್ತು. ಬಸ್ಸು ಹಾರೋಹಳ್ಳಿ ದಾಟುವಾಗ ರಸ್ತೆಯ ಪಕ್ಕ ದಿನಕ್ಕೊಂದು ಹೊಸ ಶೆಡ್ಡು ಎದ್ದಿರುತ್ತಿತ್ತು. ಕಾರ್ಖಾನೆಗಳಿಗಾಗಿ ಆನೆಗಾತ್ರದ ಕಂಬಗಳು ಬಂದಿಳಿದಿದ್ದವು. ಅಲ್ಲಿಂದ ಮುಂದೆ ರಾಗಿ, ಹಿಪ್ಪುನೇರಳೆ, ಕುರಿ, ಬಂಡೆ. ಊರಿನವರು ಹಿಪ್ಪುನೇರಳೆಯ ಕಡ್ಡಿ ಉರಿಸಿ ಅದರ ಹೊಗೆಯಿಂದ ಇಂಜಿನ್ನು ಓಡಿಸಿ ಕರೆಂಟು ತೆಗೆಯುವ ಯಂತ್ರವೊಂದನ್ನು ಇಟ್ಟುಕೊಂಡಿದ್ದರು. ಸೊಪ್ಪು ಹುಳಕ್ಕೆ, ಕಡ್ಡಿ ಮಿಷನ್ನಿಗೆ. ಮನೆಗೆ ಎರಡು ಬಲ್ಬು. ಅದಕ್ಕಿಂತ ಹೆಚ್ಚು ಎಳೆದರೆ ಗೋಡೆಯ ಮೇಲಿನ ಪುಟ್ಟ ಡಬ್ಬಿ ಟಕ್ ಎಂದು ಕರೆಂಟು ಕಡಿಯುತ್ತಿತ್ತು.

ಆ ಊರಿಗೂ ದೊಡ್ಡ ಲೈನು ಬರುವುದು ಖಚಿತವಾಗಿತ್ತು. ಆಗಿದ್ದ ಪದ್ಧತಿಯ ಪ್ರಕಾರ ಅದು ಬಂದ ದಿನ ಮಿಷನ್ನು ನಿಲ್ಲಬೇಕು, ಗುಜರಿಗೆ ಹೋಗಬೇಕು. ನಮ್ಮ ಕರಡು ಒಪ್ಪಿಗೆಯಾದರೆ ಮಿಷನ್ನು ಉಳಿಯುತ್ತಿತ್ತು, ಮಿಕ್ಕ ಕರೆಂಟನ್ನು ದೊಡ್ಡ ಲೈನಿಗೇ ಮಾರಬಹುದಾಗಿತ್ತು. ನಾನು ಹೋದಾಗಲೆಲ್ಲ ಊಟ ಹಾಕುತ್ತಿದ್ದ ಅಕ್ಕನೊಬ್ಬರಿದ್ದರು, ರೇಷ್ಮೆ ಹುಳ ಸಾಕುವವರು, ಸಂಘದಲ್ಲಿ ಅವರದೇ ಗಟ್ಟಿ ದನಿ. "ದೊಡ್ ಲೈನ್ ಬ್ಯಾಡ ಅಂದೋರ್ಯಾರು? ಬರ್ಲಿ. ಆದ್ರೆ ನಮ್ ಮಿಷನ್ನು ಇರ್ಬೇಕು ಕಣವ್ವ" ಎಂದಿದ್ದರು. "ಪಕ್ಕದೂರ್ನಾಗೆ ಕಂಬ ಐತೆ, ತಂತಿ ಐತೆ, ಕರೆಂಟ್ ಮಾತ್ರ ಅದುಕ್ ಇಷ್ಟ ಬಂದಾಗ ಬತ್ತದೆ. ಹುಳ ಅಷ್ಟೊತ್ತು ಕಾಯ್ತಾವಾ?"

ಹಿರಿಯರು ಒಮ್ಮೆ ತಾವೇ ಬಂದು ನೋಡುವುದಾಗಿ ಹೇಳಿದರು. ಊರವರು ನಿಜವಾಗಿಯೂ ನಿಭಾಯಿಸುತ್ತಾರೆ ಎಂದು ಮನದಟ್ಟಾದರೆ ಮಾತ್ರ ಮಿಷನ್ನು ಉಳಿಸುವ ಭಾಗ ಕರಡಿನಲ್ಲಿ ಇರುತ್ತದೆ, ಇಲ್ಲವಾದರೆ ಇಲ್ಲ. ನಾನು ಊರಿಗೆ ಹೋಗಿ ಮಿಷನ್ನು ನೋಡಿಕೊಳ್ಳುವವನಿಗೂ ಅಕ್ಕನಿಗೂ ಒತ್ತಿ ಒತ್ತಿ ಹೇಳಿ ಬಂದೆ. ಅವತ್ತು ದೀಪ ಹಚ್ಚುವ ಹೊತ್ತಿಗೆ ಬರುತ್ತೇವೆ, ಪ್ರತಿ ಮನೆಯಲ್ಲೂ ಎರಡೂ ಬಲ್ಬು ಉರಿಯುತ್ತಿರಬೇಕು. ಇಬ್ಬರೂ ತಲೆಯಾಡಿಸಿದರು.

ಆ ಸಂಜೆ ನಮ್ಮ ಜೀಪು ಊರ ಮುಂದಿನ ದಿಣ್ಣೆ ಏರಿದಾಗ, "ಈಗ ನೋಡಿ ಸಾರ್" ಎಂದು ನಾನು ಕೈ ಚಾಚಿದೆ. ನೋಡಲು ಏನೂ ಇರಲಿಲ್ಲ. ಊರಿಗೆ ಊರೇ ಕತ್ತಲು. ಒಂದು ಕಿಟಕಿಯಲ್ಲೂ ಬೆಳಕಿಲ್ಲ. ಹಿರಿಯರು ಡಬ್ಬಿ ತೆಗೆದು ನಶ್ಯ ಏರಿಸಿದರು. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನನಗೆ ಅಳು ಬಂತು, ಅದರ ಬೆನ್ನಿಗೇ ರೇಗಿತು. ಜೀಪು ನಿಲ್ಲುವ ಮೊದಲೇ ಇಳಿದು, ಟಾರ್ಚು ಹಿಡಿದು ಎದುರಿಗೆ ಬಂದ ಮಿಷನ್ನಿನವನ ಮೇಲೆ ಹರಿಹಾಯ್ದೆ.

"ಇವತ್ತೇ ಕೆಡಬೇಕಿತ್ತಾ ನಿನ್ನ ಮಿಷನ್ನು?"

"ಕೆಟ್ಟಿಲ್ವಲ್ಲ ಮೇಡಂ, ಓಡ್ತಾ ಐತೆ. ಸದ್ದು ಕೇಳಾಕಿಲ್ವಾ?"

ನಿಜ, ಗುಡುಗುಡು ಎಂಬ ಸದ್ದು ಕೇಳುತ್ತಿತ್ತು.

"ಮತ್ತೆ ಊರೆಲ್ಲ ಯಾಕೆ ಕತ್ತಲು?"

"ಅಕ್ಕನ ಮನೇಲಿ ಹುಳ ಹಣ್ಣಾಗವೆ" ಎಂದ. ಅಷ್ಟು ಹೇಳಿದರೆ ಸಾಕು, ಇದಕ್ಕಿಂತ ವಿವರಣೆ ಯಾರಿಗೆ ಬೇಕು ಎಂಬ ಧಾಟಿಯಲ್ಲಿ ಮುಂದೆ ನಡೆದ. ನಾವು ಅವನ ಟಾರ್ಚಿನ ಹಿಂದೆ ಹೋದೆವು.

ಬೀದಿ ತಿರುಗಿದ್ದೇ ತಡ, ಕಣ್ಣು ಕುಕ್ಕಿತು. ಅಕ್ಕನ ಮನೆ ಮದುವೆ ಮನೆಯಾಗಿತ್ತು. ಜಗಲಿ, ನಡುಮನೆ, ಹುಳದ ಕೋಣೆ, ಹಿತ್ತಿಲ ಚಪ್ಪರ, ಎಲ್ಲೆಲ್ಲೂ ಹಗ್ಗಕ್ಕೆ ಕಟ್ಟಿದ ಬಲ್ಬುಗಳು. ಫ್ಯಾನುಗಳು ತಿರುಗುತ್ತಿದ್ದವು. ಊರಿನ ಹೆಂಗಸರು ಗಂಡಸರೆಲ್ಲ ಅಲ್ಲೇ ಇದ್ದರು. ನಾವು ನೋಡುತ್ತಿದ್ದಂತೆ ಮುದುಕಿಯೊಬ್ಬಳು ನಮ್ಮನ್ನು ದಾಟಿ ಒಳಗೆ ಹೋದಳು, ಸೆರಗಿನಲ್ಲಿ ಏನನ್ನೋ ಜೋಪಾನವಾಗಿ ಹಿಡಿದುಕೊಂಡು. ಅದು ಅವಳ ಮನೆಯ ಬಲ್ಬು. ಕೊಯ್ಲಿಗೆ ಬರುವವರು ಕುಡುಗೋಲು ತರುವ ಹಾಗೆ, ಹುಳದ ಕೆಲಸಕ್ಕೆ ಬಂದವರೆಲ್ಲ ತಮ್ಮ ತಮ್ಮ ಮನೆಯ ಬಲ್ಬು ಬಿಚ್ಚಿಕೊಂಡು ಬಂದಿದ್ದರು.

ರೇಷ್ಮೆ ಹುಳ ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು, ಬಿದಿರಿನ ಸುರುಳಿಗಳಿರುವ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ನಡುವೆಯೇ ನೂಲು ಉಗುಳಿಬಿಡುತ್ತವೆ, ತಿಂಗಳಿಡೀ ಪಟ್ಟ ಪಾಡು ವ್ಯರ್ಥ. ಒಂದೇ ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ಆಳು ಮುಯ್ಯಿಗೆ ಬಂದ ಮೇಲೆ ಬಲ್ಬೂ ಬಂತು, ಅದರ ಹಿಂದೆ ಕರೆಂಟೂ ಬಂತು. ಮಿಷನ್ನಿನವನು ಅಕ್ಕನ ಮನೆಯ ಗೋಡೆಯಿಂದ ಕರೆಂಟು ಕಡಿಯುವ ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದ.

ಅಂದರೆ ಹಿರಿಯರ ಪ್ರೀತಿಯ ಕಲಮನ್ನು ಇಡೀ ಊರು ಒಟ್ಟಾಗಿ, ಅವರ ಕಣ್ಣೆದುರಿಗೇ, ಇಷ್ಟು ಬೆಳಕಿನಲ್ಲಿ ಮುರಿಯುತ್ತಿತ್ತು.

ಅವರು ಬಾಗಿಲಲ್ಲಿ ನಿಂತರು. ಕೈ ಜೇಬಿಗೆ ಹೋಗಿ ಡಬ್ಬಿ ಹೊರಬಂತು. ಒಳಗಿನಿಂದ ಅಕ್ಕನ ದನಿ ತೂರಿ ಬಂತು.

"ಸ್ವಾಮಿ, ಅದ ಆಚೆ ಮಡಗಿ. ಹೊಗೆಸೊಪ್ಪಿನ ಗಾಳಿ ತಾಕುದ್ರೆ ಹುಳ ಸತ್ತೋಯ್ತವೆ. ಕೈಕಾಲ್ ತೊಳ್ಕೊಂಡು ಒಳೀಕ್ ಬನ್ನಿ. ನೀನೂ ಬಾರವ್ವ, ಸುಮ್ನೆ ನಿಂತ್ಕಬ್ಯಾಡ."

ಅವರಿಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈಗ ಜೀಪು ತಿರುಗಿತು ಎಂದುಕೊಂಡೆ. ಅವರು ಡಬ್ಬಿಯನ್ನು ಡ್ರೈವರಿಗೆ ಕೊಟ್ಟರು, ಷೂ ಕಳಚಿದರು, ಪ್ಯಾಂಟು ಮಡಚಿದರು, ಹೊಸ್ತಿಲಿನಾಚೆ ಇಟ್ಟಿದ್ದ ಸುಣ್ಣದ ನೀರಿನಲ್ಲಿ ಕಾಲಿಟ್ಟರು. ಹುಳ ಹಣ್ಣಾದ ಮನೆಯಲ್ಲಿ ಯಾರೂ ಬರಿದೆ ನಿಲ್ಲುವಂತಿಲ್ಲ, ಬಂದವರು ಕೈ ಹಚ್ಚಲೇಬೇಕು, ಅದು ಊರಿನ ರೂಢಿ. ಒಂದು ತಟ್ಟೆಯ ಮುಂದೆ ಅವರನ್ನು ಕೂರಿಸಿದರು, ಪಕ್ಕದಲ್ಲಿ ನನ್ನನ್ನು.

"ಹಸುರಾಗಿರೋದ್ ಬುಡಿ, ಒಸಿ ಹಳದಿ ತಿರುಗಿರೋದ್ ಎತ್ಕಳಿ. ಮೆತ್ತಗೆ" ಎಂದರು ಅಕ್ಕ.

ನನಗೆ ಮೊದಲು ಮೈ ಜುಮ್ಮೆಂದಿತು. ಹಿರಿಯರು ಮಾತ್ರ ಕನ್ನಡಕ ಸರಿಮಾಡಿಕೊಂಡು, ಕಡತ ನೋಡುವ ಶ್ರದ್ಧೆಯಲ್ಲೇ ಆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ ಕೇಳಿದರು.

"ಯಾವತ್ತು ಯಾರ ಮನೆಗೆ ಕರೆಂಟು ಜಾಸ್ತಿ ಅಂತ ತೀರ್ಮಾನ ಮಾಡುವವರು ಯಾರಮ್ಮ?"

"ಹುಳ" ಎಂದರು ಅಕ್ಕ.

"ಜಗಳ ಆಗೋದಿಲ್ಲವೇ?"

"ಆಯ್ತದೆ. ಯಾಕಾಗಾಕಿಲ್ಲ? ಒಂದ್ಸಲ ಎರಡು ಮನೇಲಿ ಒಂದೇ ದಿನ ಹಣ್ಣಾಗಿ ಕಿತ್ತಾಡವ್ರೆ. ಅವತ್ತಿಂದ ಚಾಕಿ ಮರಿ ತರೋವಾಗ್ಲೇ ಮಾತಾಡ್ಕಂಡು ದಿನ ಬುಟ್ಟು ದಿನ ತತ್ತೀವಿ." ಅಂದರೆ, ಮೊಟ್ಟೆಯೊಡೆದ ಮರಿಹುಳ ಮನೆಗೆ ತರುವಾಗಲೇ ಸರದಿ ಹಾಕಿಕೊಳ್ಳುತ್ತಿದ್ದರು.

ಹಿರಿಯರು ಮುಂದಿನ ಹುಳಕ್ಕೆ ಕೈ ಹಾಕಿದರು. ಕೊನೆಯ ತಟ್ಟೆ ಮುಗಿದಾಗ ಎಲ್ಲರಿಗೂ ಕಾಫಿ ಬಂತು. ಜನ ತಮ್ಮ ಬಲ್ಬು ಬಿಚ್ಚಿಕೊಂಡು ಹೊರಟರು. ಅಕ್ಕನ ಮನೆ ಮಂಕಾಗುತ್ತಾ ಬಂದ ಹಾಗೆ ಬೀದಿಯುದ್ದಕ್ಕೂ ಒಂದೊಂದೇ ಮನೆ ಬೆಳಗಿತು. ಜೀಪು ಹತ್ತುವ ಮುನ್ನ ಅವರು ಅದನ್ನು ನೋಡುತ್ತಾ ನಿಂತರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಹೇಳಿದರು, "ನಿಮ್ ಮುಯ್ಯಿ ನಮ್ ಮೇಲೈತೆ ಸ್ವಾಮಿ. ನಿಮ್ಗೇನಾರ ಕೆಲ್ಸ ಬಿದ್ದಾಗ ಹೇಳ್ಕಳ್ಸಿ."

ಅವರು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು.

ಕೆಲಸ ಬಿದ್ದದ್ದು ಕೆಲವು ತಿಂಗಳ ನಂತರ. ಕರಡಿನ ಮೇಲೆ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಇಂಥ ವಿಚಾರಣೆಗಳಿಗೆ ಸಾರ್ವಜನಿಕರನ್ನು ಬಿಟ್ಟು ಉಳಿದವರೆಲ್ಲ ಬರುತ್ತಾರೆ. ಅವತ್ತೂ ಮುಂದಿನ ಸಾಲಿನಲ್ಲಿ ವಕೀಲರು, ಹಿಂದಿನ ಸಾಲುಗಳಲ್ಲಿ ಖಾಲಿ ಕುರ್ಚಿಗಳು. ದೊಡ್ಡ ಲೈನಿನವರ ಪರವಾಗಿ ಒಬ್ಬರು ಎದ್ದು, ಹಳ್ಳಿಯ ಜನ ಒಂದು ಯಂತ್ರವನ್ನು ತಾವಾಗಿ ನಡೆಸಿಕೊಂಡು ಹೋಗುತ್ತಾರೆಂಬುದು ಕಾಗದದ ಮೇಲಿನ ಕನಸು, ಲೈನು ಬಂದ ಮೇಲೆ ಮುಚ್ಚುವುದೇ ಸರಿ ಎಂದು ಚೆನ್ನಾಗಿ ವಾದಿಸಿದರು. ಅದಕ್ಕೆ ಉತ್ತರ ಹೇಳಲು ನಾನು ಕಾಗದ ಹಿಡಿದು ಎದ್ದೆ. ಆಗ ಹಿಂದಿನ ಬಾಗಿಲು ತೆರೆಯಿತು.

ರಾಮನಗರದ ಮಾರುಕಟ್ಟೆಗೆ ಗೂಡು ಸಾಗಿಸುವ ಟೆಂಪೋದಲ್ಲಿ ಬಂದಿದ್ದರು. ಅಕ್ಕ ಮುಂದೆ, ಊರು ಹಿಂದೆ. ಒಳಗೆ ಬರುವ ಮೊದಲು ಕಾಲು ತೊಳೆಯಲು ನೀರೆಲ್ಲಿದೆ ಎಂದು ಕಾವಲುಗಾರನನ್ನು ಕೇಳಿದ್ದರಂತೆ. ನಾನು ಹೇಳಿ ಕಳಿಸಿರಲಿಲ್ಲ. ಮಿಷನ್ನಿನವನು ಪೇಪರಿನಲ್ಲಿ ಪ್ರಕಟಣೆ ಓದಿ ಹೇಳಿದ್ದ.

"ಯಾರ ಪರವಾಗಿ ಬಂದಿದ್ದೀರಿ?" ಎಂದು ಗುಮಾಸ್ತ ಕೇಳಿದ.

"ಯಾರ್ ಪರವಾಗೂ ಇಲ್ಲ ಕಣಪ್ಪ" ಎಂದು ಅಕ್ಕ ವೇದಿಕೆಯ ಕಡೆ ಕೈ ತೋರಿಸಿದರು. "ಆ ಸ್ವಾಮಿಯೋರು ನಮ್ಮನೆ ಹುಳ ಆಯ್ಕೊಟ್ಟವ್ರೆ. ಮುಯ್ಯಿ ತೀರ್ಸಕೆ ಬಂದಿದೀವಿ. ಏನ್ ಕೆಲ್ಸ ಐತೆ ಹೇಳಿ."

ಸಭೆ ಗೊಳ್ಳೆಂದಿತು. ವಕೀಲರು ತಟ್ಟನೆ ಎದ್ದು, ಮಾನ್ಯ ಅಧಿಕಾರಿಗಳು ಇವರ ಮನೆಯಲ್ಲಿ ಕೆಲಸ ಮಾಡಿದ್ದು ನಿಜವೇ ಎಂದು ಕೇಳಿದರು.

"ನಿಜ. ದಾಖಲಿಸಿಕೊಳ್ಳಿ" ಎಂದರು ಹಿರಿಯರು. ಕೈ ಜೇಬಿಗೆ ಹೋಯಿತು, ಬೆಳ್ಳಿ ಡಬ್ಬಿ ಹೊರಬಂತು. ಅಕ್ಕನ ಮುಖ ನೋಡಿ ಅದನ್ನು ಮತ್ತೆ ಜೇಬಿಗೇ ಇಳಿಸಿದರು. "ಕೆಲಸ ಇದೆ ತಾಯಿ. ನೀವು ಕರೆಂಟು ಹೇಗೆ ಹಂಚಿಕೊಳ್ಳುತ್ತೀರಿ ಅಂತ ಇವರಿಗೆಲ್ಲ ಹೇಳಿ."

ಅಕ್ಕ ಹೇಳಿದರು. ಜಗಳವನ್ನೂ ಬಿಡದೆ ಹೇಳಿದರು. ಅವರ ಮಾತು ಮುಗಿದ ಮೇಲೆ ನಾನು ಹೇಳುವುದೇನೂ ಉಳಿಯಲಿಲ್ಲ, ಅಷ್ಟು ಸಂತೋಷದಿಂದ ನಾನು ಯಾವತ್ತೂ ಸುಮ್ಮನೆ ಕೂತಿಲ್ಲ.

ನಿಯಮಗಳು ಅಚ್ಚಾಗಿ ಬಂದಾಗ ಮಿಷನ್ನು ಉಳಿಸುವ ಭಾಗ ಇತ್ತು. ಹಿರಿಯರ ಪ್ರೀತಿಯ ಕಲಮನ್ನು ಅವರೇ ತಿದ್ದಿದ್ದರು. ಸಂಘದ ಸದಸ್ಯರು ಪರಸ್ಪರ ಒಪ್ಪಿ ತಮ್ಮ ಪಾಲನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಬಹುದು ಎಂದು ಬರೆದಿದ್ದರು. ಒಂದು ಪ್ರತಿಯನ್ನು ಊರಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸುವಾಗ, ಮೇಜಿನ ಖಾನೆಯಿಂದ ಒಂದು ರಟ್ಟಿನ ಪೊಟ್ಟಣ ತೆಗೆದು, "ಇದನ್ನೂ ಇಟ್ಟುಕೊಂಡಿರಮ್ಮ, ಬೇಕಾದೀತು" ಎಂದರು.

ನಾನು ಊರಿನ ಬಳಿ ಬಸ್ಸಿಳಿದಾಗ ದೀಪ ಹಚ್ಚುವ ಹೊತ್ತು. ದಿಣ್ಣೆಯ ಮೇಲೆ ದೊಡ್ಡ ಲೈನಿನ ಹೊಸ ಕಂಬಗಳು ನಿಂತಿದ್ದವು. ಕೆಳಗೆ ಮಿಷನ್ನು ಗುಡುಗುಡು ಎನ್ನುತ್ತಿತ್ತು, ಊರು ಮಾತ್ರ ಪೂರಾ ಕತ್ತಲು. ಎದುರಿಗೆ ಬಂದ ಮುದುಕಿಯನ್ನು ತಡೆದು, "ಇವತ್ತು ಯಾರ ಮನೇಲಜ್ಜಿ ಹಣ್ಣಾಗಿರೋದು?" ಎಂದು ಕೇಳಿದೆ. ಅವಳು ಕೈ ತೋರಿಸಿದ ಕಡೆ, ಹಿರಿಯರು ಕೊಟ್ಟ ಬಲ್ಬನ್ನು ಪೊಟ್ಟಣದಿಂದ ತೆಗೆದು ಸೆರಗಿನಲ್ಲಿ ಹಿಡಿದುಕೊಂಡು ನಡೆದೆ.