ಪಾದಪೂಜೆಯ ಗೋಡೆಗೆ ಗಾಜಿನ ತಂತಿ

ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುವ ಮಾಲೀಕರನ್ನು ನಮ್ಮ ಕೊಳ್ಳೇಗಾಲದಲ್ಲೂ ಕಂಡಿದ್ದೇನೆ. ಆದರೆ ಬಾಡಿಗೆಮನೆ ತೋರಿಸುತ್ತಾ, ಮಾತು ನಿಲ್ಲಿಸಿ ಗೋಡೆಗೆ ಕೈಮುಗಿದವರನ್ನು ಕಂಡದ್ದು ರಾಯಚೂರಿನಲ್ಲೇ.

"ಗೃಹಪ್ರವೇಶದಾಗ ಸ್ವಾಮಿಗೋಳು ಇದೇ ಗ್ವಾಡಿಗಿ ಆನಿಕೊಂಡು ಕುಂತಿದ್ರು ನೋಡ್ರಿ. ಇಲ್ಲೇ ಪಾದಪೂಜಿ ಮಾಡೀವಿ" ಎಂದರು ವೀರಭದ್ರಪ್ಪ. ಕಲ್ಲೂರಿನ ಕಡೆಯ ಅಕ್ಕಿ ವ್ಯಾಪಾರಿ, ಒಳ್ಳೆಯ ಮನುಷ್ಯ. ಹಿಂದಿನ ಭಾಗದಲ್ಲಿ ಅವರ ಸಂಸಾರ, ಮುಂದಿನ ಎರಡು ಕೋಣೆಗಳಲ್ಲಿ ನಾವು. ನನ್ನ ಗಂಡನಿಗೆ ದೇವದುರ್ಗಕ್ಕೆ ವರ್ಗವಾಗಿತ್ತು. ಅವರು ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನನಗಿದ್ದ ಆಸರೆ ಒಂದೇ, ಊರಿನಿಂದ ತಂದ ಕೆಲಸ. ಕೊಳ್ಳೇಗಾಲದ ಟ್ಯೂಷನ್ ಮಕ್ಕಳಿಗೆ ವಿಡಿಯೊದಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮೊಬೈಲ್ ಇಂಟರ್ನೆಟ್ ನಂಬಿಕೊಂಡರೆ ಲೆಕ್ಕದ ನಡುವೆ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಟ್ಯೂಷನ್ ನಡೆಸುವ ಮೇಡಂ ಹೇಳಿದ್ದರು.

ಬೀದಿಯಲ್ಲಿ ಆಗ ಹಳೆಯ ತಾಮ್ರದ ಫೋನ್ ತಂತಿ ಇಳಿಸಿ ಇಂಟರ್ನೆಟ್ಟಿನ ಫೈಬರ್ ಎಳೆಯುತ್ತಿದ್ದರು. ನಮಗೂ ಒಂದು ಲೈನ್ ಬೇಕೆಂದೆ. ಲೈನ್‌ಮನ್ ರಫೀಕ್ ಬಂದು ಗೋಡೆ ತಟ್ಟಿ ನೋಡಿದ. ತಾಮ್ರದ ತಂತಿ ಒಳಬರುತ್ತಿದ್ದ ತೂತಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದ್ದರು. ತೂತಿದ್ದದ್ದು ಅದೇ ಪಾದಪೂಜೆಯ ಗೋಡೆಯಲ್ಲಿ.

"ಹತ್ತು ನಿಮಿಷದ ಕೆಲಸ್ರಿ ಅಕ್ಕಾರ" ಎಂದ ರಫೀಕ್.

"ಆಗಂಗಿಲ್ರಿ" ಎಂದರು ವೀರಭದ್ರಪ್ಪ. "ಆ ತೂತು ಮನಿ ಕಟ್ಟುವಾಗ ಬಿಟ್ಟಿದ್ದು. ಪೂಜಿ ಆದ ಮ್ಯಾಲ ಕೊರಿಯಂಗಿಲ್ಲ."

ನಮ್ಮೂರಿನಲ್ಲಾಗಿದ್ದರೆ ಜಗಳವಾಡುತ್ತಿದ್ದೆ. ಇಲ್ಲಿ ಪರವೂರಿನವಳು, ತಲೆಯಾಡಿಸಿದೆ. ಉಳಿದದ್ದು ಒಂದೇ ಕಿಟಕಿ, ಅದರಲ್ಲಿ ಕೂಲರ್. ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ತೆಗೆದು ತಂತಿಗೆ ಜಾಗ ಕೊಟ್ಟೆ. ಕಿಟಕಿ ಸದಾ ನಾಲ್ಕು ಬೆರಳು ತೆರೆದೇ ಇರಬೇಕಿತ್ತು. "ತಾಮ್ರ ಆಗಿದ್ರ ಮಡಚಿದ್ರೂ ನಡೀತಿತ್ರಿ, ಇದು ಗಾಜಿಂದು" ಎಂದು ರಫೀಕ್ ಎರಡು ಸಲ ಹೇಳಿಹೋದ. ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಪಾಠ ಮಾಡಿದೆ. ಮಕ್ಕಳು, "ಮಿಸ್, ಈಗ್ಲೇ ಸ್ನಾನ ಮಾಡ್ಕೊಂಡ್ ಬಂದ್ರಾ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮುಖ ನಿಲ್ಲುತ್ತಿರಲಿಲ್ಲವಲ್ಲ, ಅದೇ ದೊಡ್ಡ ಗೆಲುವು.

ಒಂದು ಸಂಜೆ ಪಾಠದ ನಡುವೆ ಧೂಳಿನ ಗಾಳಿ ಎದ್ದಿತು. ಕೊಳ್ಳೇಗಾಲದ ಅಭ್ಯಾಸ, ಕೈ ತಾನಾಗಿಯೇ ಹೋಗಿ ಕಿಟಕಿಯನ್ನು ಎಳೆದುಬಿಟ್ಟಿತು. ತಂತಿ ಮುರಿಯಿತು. ರಫೀಕ್ ಬಂದು ಸರಿಮಾಡಿದ್ದು ನಾಲ್ಕನೇ ದಿನ, ಅಷ್ಟರಲ್ಲಿ ನನ್ನ ಟ್ಯೂಷನ್ ಮಕ್ಕಳು ಬೇರೊಬ್ಬ ಮಿಸ್ಸಿನ ಪಾಲಾಗಿದ್ದರು.

ಶ್ರಾವಣದಲ್ಲಿ ವೀರಭದ್ರಪ್ಪನವರ ಮಗಳು ಮಾನ್ವಿಯಿಂದ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಅಲ್ಲೇ ಉಳಿದ ಅಳಿಯ ದಿನವೂ ವಿಡಿಯೊದಲ್ಲಿ ಕೂಸಿನ ಮುಖ ನೋಡಬೇಕು. ಹಿಂದಿನ ಭಾಗಕ್ಕೆ ತಂತಿ ಒಯ್ಯಲು ರಫೀಕ್ ಡ್ರಿಲ್ ಹಿಡಿದು ನಮ್ಮ ಕೋಣೆಗೇ ಬಂದ. ವೀರಭದ್ರಪ್ಪ ಗೋಡೆಗೆ ವಿಭೂತಿ ಹಚ್ಚಿ ಕಾಯಿ ಒಡೆದರು. "ಸ್ವಲ್ಪ ಸರೀರಿ ಯವ್ವಾ, ಧೂಳು ಬೀಳ್ತದ" ಎಂದರು ನನಗೆ.

"ಕೊರಿಯಬಾರದು ಅಂದಿದ್ರಲ್ಲ?" ಎಂದೆ.

"ಸ್ವಾಮಿಗೋಳ್ನ ಕೇಳೀನ್ರಿ. ಕೂಸಿನ ಸಲುವಾಗಿ ಅಂದೆ, ದೋಷ ಇಲ್ಲಂದ್ರು."

ಹಾಗಾದರೆ ಕೇಳಬಹುದಿತ್ತು! ಹೊರಗೆ ತಂತಿ ಸುತ್ತುತ್ತಿದ್ದ ರಫೀಕ್ ತಗ್ಗಿದ ದನಿಯಲ್ಲಿ, "ನೀವೂ ಸ್ವಾಮಿಗೋಳ್ನ ಕೇಳಿ ನೋಡ್ರಿ ಅನಬೇಕಿತ್ತು ಅಕ್ಕಾರ. ಇಲ್ಲಿ ಎಲ್ಲಾರೂ ಹಂಗೇ ಮಾಡ್ತಾರ" ಎಂದ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ವೀರಭದ್ರಪ್ಪನವರಿಗೆ ನನ್ನ ಸಲುವಾಗಿ ಕೇಳಬೇಕು ಅನ್ನಿಸಲಿಲ್ಲ. ಹೊಟ್ಟೆ ಉರಿಯಿತು, ಇವತ್ತಿಗೂ ಉರಿಯುತ್ತದೆ. ಆದರೂ ಆ ಕೂಸನ್ನು ದಿನಾ ಸಂಜೆ ಎತ್ತಿಕೊಳ್ಳುವವಳು ನಾನೇ.

ದೀಪಾವಳಿಗೆ ಕೊಳ್ಳೇಗಾಲಕ್ಕೆ ಹೋದೆ. ಅಮ್ಮನ ಹಳೆಯ ಕನ್ನಡಿ ಅಟ್ಟ ಸೇರಿತ್ತು. ಒರೆಸಿ, ನನ್ನ ಕೋಣೆಯಲ್ಲಿ ತೂಗುಹಾಕೋಣವೆಂದು ಸುತ್ತಿಗೆ, ಮೊಳೆ ತಂದೆ. ಅಣ್ಣ ಬಾಗಿಲಿಗೆ ಬಂದ.

"ಹೊಸ ಬಣ್ಣ ಕಣವ್ವ. ಅತ್ತಿಗೇನ ಒಂದ್ ಮಾತು ಕೇಳ್ಬುಡು."

ನಾನು ಕೇಳಲಿಲ್ಲ. ಕನ್ನಡಿಯನ್ನು ಸೀರೆಯಲ್ಲಿ ಸುತ್ತಿ ರಾಯಚೂರಿಗೆ ತಂದೆ. ಇಲ್ಲಿ ಅದು ಪಾದಪೂಜೆಯ ಗೋಡೆಗೆ ಒರಗಿ ನೆಲದ ಮೇಲೆ ನಿಂತಿದೆ. ಕುಂಕುಮ ಇಟ್ಟುಕೊಳ್ಳಬೇಕಾದರೆ ದಿನವೂ ಅದರ ಮುಂದೆ ಬಗ್ಗುತ್ತೇನೆ.