ತೇಲುಗಾಡಿಯ ಮಂಜಣ್ಣ

ಚಕ್ರವೇ ಇಲ್ಲದ ಗಾಡಿಗೆ ಆಯುಧಪೂಜೆಯ ದಿನ ನಿಂಬೆಹಣ್ಣು ಎಲ್ಲಿಡಬೇಕು? ಇಂಥದ್ದೊಂದು ಪ್ರಶ್ನೆ ಇಟ್ಟುಕೊಂಡು ಬೆಳಗಿನಿಂದ ತಲೆ ಕೆಡಿಸಿಕೊಂಡ ಮನುಷ್ಯ ಎಂದರೆ ನನಗೆ ಗೊತ್ತಿರುವಂತೆ ಒಬ್ಬನೇ. ಅವನು ನನ್ನ ದೊಡ್ಡಪ್ಪನ ಮಗ ಮಂಜುನಾಥ, ಎಲ್ಲರ ಬಾಯಲ್ಲೂ ಮಂಜಣ್ಣ. ಗಾಡಿ ಇದ್ದದ್ದು ಅವನ ಅಂಗಡಿಯ ಟಿವಿಯೊಳಗೆ. ಮುಂದೆಂದೋ ಬರಲಿರುವ ಕಾಲದ ರೇಸಿನ ಗೇಮ್ ಅದು. ಅದರ ಗಾಡಿಗಳು ನೆಲ ಮುಟ್ಟದೆ ಒಂದಡಿ ಮೇಲೆ ತೇಲುತ್ತಲೇ ಓಡುತ್ತಿದ್ದವು. ಡಬ್ಬದ ಮೇಲೆ ಏನೋ ಇಂಗ್ಲಿಷ್ ಹೆಸರಿತ್ತು. ಮಂಜಣ್ಣ ಅದನ್ನು ‘ತೇಲುಗಾಡಿ’ ಎಂದ, ನಮಗೂ ಅದೇ ರೂಢಿಯಾಯಿತು. ಆವತ್ತು ಟಿವಿಗೆ, ಆಟದ ಪೆಟ್ಟಿಗೆಗೆ, ಕಂಟ್ರೋಲರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ಗಾಡಿಯನ್ನು ಸ್ಟಾರ್ಟ್ ಲೈನಿಗೆ ತಂದು ನಿಲ್ಲಿಸಿ, ನಿಂಬೆಹಣ್ಣು ಹಿಡಿದುಕೊಂಡು ಯೋಚಿಸುತ್ತಾ ನಿಂತಿದ್ದ. ಕೊನೆಗೆ ತಾನು ಕೂರುವ ಕುರ್ಚಿಯ ಕಾಲಿನಡಿ ಇಟ್ಟು, ಮೇಲೆ ದಬಕ್ಕನೆ ಕುಳಿತ. “ಓಡ್ಸೋನ ಕೆಳಗಿದ್ರೆ ಆಯ್ತು ಬಿಡಮ್ಮಿ, ಗಾಡಿಗೂ ತಲುಪ್ತದೆ” ಎಂದ. ರಸ ಸಿಡಿದು ನನ್ನ ಹೊಸ ಚೂಡಿದಾರ ಹಾಳಾಯಿತು. ಆ ಕೋಪ ನನಗೆ ಮಧ್ಯಾಹ್ನದವರೆಗೂ ಇತ್ತು.

ಮಹದೇವಪುರದ ಹಿಂದೆ ನಮ್ಮ ಹಳ್ಳಿ. ಹಳ್ಳಿ ಎನ್ನುವುದು ಈಗ ಬಾಯಿಮಾತಿಗೆ ಅಷ್ಟೆ. ದೊಡ್ಡಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದರ ಮೇಲೊಂದು ಬಾಡಿಗೆ ರೂಮು ಎದ್ದಿದ್ದವು. ಕೆಳಗೆ ರಸ್ತೆಗೆ ಮುಖ ಮಾಡಿದ ಎರಡು ಅಂಗಡಿ. ಒಂದರಲ್ಲಿ ಇಮ್ರಾನನ ಮೊಬೈಲ್ ರಿಪೇರಿ, ಇನ್ನೊಂದರಲ್ಲಿ ಮಂಜಣ್ಣನ ಗೇಮ್ ಸೆಂಟರ್. ಕಾಲೇಜಿಗೆ ಚಕ್ಕರ್ ಹಾಕಿದವರು, ಶಿಫ್ಟ್ ಮುಗಿಸಿದ ಫ್ಯಾಕ್ಟರಿಯವರು, ಕೊರಳಲ್ಲಿ ಐಡಿ ಕಾರ್ಡ್ ತೂಗುಬಿಟ್ಟುಕೊಂಡ ಸಾಫ್ಟ್‌ವೇರ್‌ನವರು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ನಾನು ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ. ದಿನವಿಡೀ ಗುರುತಿಲ್ಲದವರಿಗೆ ನಕ್ಕು ನಕ್ಕು ಸಾಕಾಗಿ, ಸಂಜೆಯ ಬಿಸಿಲಿರುವಾಗಲೇ ಮನೆ ಕಡೆ ಬಂದು, ಮಂಜಣ್ಣನ ಅಂಗಡಿಯಲ್ಲಿ ಒಂದು ಟೀ ಕುಡಿದು, ಒಂದಷ್ಟು ಜಗಳ ಆಡಿದರೆ ಜೀವ ಹಗುರವಾಗುತ್ತಿತ್ತು.

ಅವನ ಆಟ ನೋಡುವುದೇ ಒಂದು ಮಜಾ. ದಪ್ಪ ಮೈ, ಹಣೆಯಲ್ಲಿ ವಿಭೂತಿ, ಮೊಣಕಾಲಿನವರೆಗಿನ ಚಡ್ಡಿ. ಗಾಡಿ ಎಡಕ್ಕೆ ತಿರುಗಿದರೆ ಇಡೀ ಮೈ ಎಡಕ್ಕೆ ವಾಲುತ್ತಿತ್ತು. ಪಕ್ಕದಲ್ಲಿ ಕೂತವರು ಒತ್ತರಿಸಿಕೊಳ್ಳಬೇಕು. ವೇಗ ಎಂದರೆ ಅವನಿಗೆ ದೇವರ ಸಮ. ಆದರೆ ರಸ್ತೆಯಲ್ಲಿ ಅವನ ಸ್ಕೂಟರು ಸೈಕಲ್ಲಿಗಿಂತ ನಿಧಾನ. ಕೇಳಿದರೆ, “ರೋಡಲ್ಲಿ ಸ್ಪೀಡ್ ಓದ್ರೆ ಬೇರೆಯೋರಿಗೆ ಏಟಾಗ್ತದೆ. ಇಲ್ಲಾದ್ರೆ ಗೋಡೆಗೆ ಮಾತ್ರ” ಎನ್ನುತ್ತಿದ್ದ.

ವೇಗದ ಬಗ್ಗೆ ಅವನದೇ ಒಂದು ಸಿದ್ಧಾಂತವೂ ಇತ್ತು. ಪರದೆಯ ಮೂಲೆಯಲ್ಲಿ ತೋರಿಸುವ ಅಂಕಿಯನ್ನು ಅವನು ನಂಬುತ್ತಿರಲಿಲ್ಲ. ಕಂಟ್ರೋಲರ್ ಕೈಯಲ್ಲಿ ಗುರ್ ಎಂದು ನಡುಗುವುದಂತೂ ಶುದ್ಧ ಮೋಸ, ಅದು ಕಂಪನಿಯವರು ನಡುಗಿಸುವುದು ಎನ್ನುತ್ತಿದ್ದ. “ಬಂಗಾರಪೇಟೆ ಟ್ರೈನಲ್ಲಿ ಓಗ್ತಾ ನೋಡು. ದೂರದ ಬೆಟ್ಟ ನೋಡಿದ್ರೆ ಟ್ರೈನು ನಿಂತಂಗೆ ಇರ್ತದೆ. ಅದೇ ಅಳಿ ಪಕ್ಕದ ಜಲ್ಲಿಕಲ್ಲು ನೋಡು, ತಲೆ ತಿರುಗ್ತದೆ. ಸ್ಪೀಡು ಮುಂದೆ ಇರಾಕಿಲ್ಲ ಕಣಮ್ಮಿ, ಪಕ್ಕದಲ್ಲಿರ್ತದೆ. ಪಕ್ಕದಲ್ಲಿ ಏನೂ ಓಡ್ದಿದ್ರೆ ಅದು ಎಂಥಾ ಸ್ಪೀಡು?” ಹೊಸ ಗಿರಾಕಿ ಯಾರೇ ಬರಲಿ, ಈ ಪಾಠ ಕೇಳಿದ ಮೇಲೆಯೇ ಅವರ ಕೈಗೆ ಕಂಟ್ರೋಲರ್ ಸಿಗುತ್ತಿದ್ದದ್ದು.

ಹೊಸ ತೇಲುಗಾಡಿ ಬರುತ್ತದೆ ಎಂಬ ಸುದ್ದಿ ಬಂದಾಗ ಅವನ ಸಂಭ್ರಮ ಹೇಳತೀರದು. ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದರು. ಗೇಮ್ ಬಂದ ಮೇಲೆ ನೋಡೋಣ ಎಂದು ಅದನ್ನೂ ಮುಂದೂಡಿದ. ಅದರ ಟ್ರೈಲರ್ ಇಂಟರ್ನೆಟ್ಟಿನಲ್ಲಿ ಬಂದ ದಿನ ಮಧ್ಯಾಹ್ನವೆಲ್ಲ ಡೌನ್‌ಲೋಡ್ ಆಯಿತು. ಅಂಗಡಿ ತುಂಬ ಜನ. ಗಾಜಿನ ಊರುಗಳ ನಡುವೆ ಗಾಡಿಗಳು ಸೀಳಿಕೊಂಡು ಹೋದವು, ಹುಡುಗರು ಶಿಳ್ಳೆ ಹೊಡೆದರು. ಮಂಜಣ್ಣ ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದ. ಆಮೇಲೆ ಸಾವಿನ ಸುದ್ದಿ ಹೇಳುವ ದನಿಯಲ್ಲಿ, “ಸ್ಪೀಡ್ ಇಲ್ಲ” ಎಂದ.

ಇಮ್ರಾನ್ ತನ್ನ ಅಂಗಡಿಯ ಕೆಲಸ ಬಿಟ್ಟು ಎದ್ದು ಬಂದಿದ್ದ. “ಏನ್ ಮಚ್ಚಾ, ತಲೆ ಕೆಟ್ಟಿದೆಯಾ? ಹಳೇದಕ್ಕಿಂತ ಡಬಲ್ ಸ್ಪೀಡಿದೆ!”

“ಬಣ್ಣ ಡಬಲ್ ಐತೆ. ಸ್ಪೀಡಿಲ್ಲ.”

“ನಿನ್ ಹಳೇ ಗೇಮ್‌ನ ನೀನು ಮದುವೆ ಆಗ್ಬಿಟ್ಟಿದೀಯಾ. ಅದಕ್ಕೇ ಹೊಸದು ಹಿಡಿಸ್ತಿಲ್ಲ.”

ಅಲ್ಲಿಂದ ಶುರುವಾಯಿತು. ಸ್ಪೀಡ್ ಇದೆ ಎನ್ನುವ ಪಾರ್ಟಿ, ಸ್ಪೀಡ್ ಇಲ್ಲ ಎನ್ನುವ ಪಾರ್ಟಿ. ಎದುರಿನ ಟೀ ಅಂಗಡಿಯಲ್ಲೂ ಅದೇ ಮಾತು. ಟೀ ಅಂಗಡಿಯವನು ಗೇಮನ್ನು ಕಣ್ಣಾರೆ ನೋಡಿರಲಿಲ್ಲ, ಆದರೂ ಮಂಜಣ್ಣನ ಪಾರ್ಟಿ. ನಾನೂ ಅವನದೇ ಪಾರ್ಟಿ. ನನಗೆ ವ್ಯತ್ಯಾಸ ಗೊತ್ತಾಗಿತ್ತು ಅಂತಲ್ಲ, ಅಣ್ಣ ಎಂಬ ಮೋಹ. ಆ ಗೇಮಿನ ಅಭಿಮಾನಿಗಳು ದೇಶದೇಶಗಳಿಂದ ಬಂದು ವಾದ ಮಾಡುವ ಒಂದು ವೆಬ್‌ಸೈಟ್ ಇತ್ತು. ಮಂಜಣ್ಣ ಹೇಳಿಹೇಳಿ ನನ್ನಿಂದ ಅಲ್ಲಿ ಇಂಗ್ಲಿಷಿನಲ್ಲಿ ದೂರು ಬರೆಸಿದ: ಪಕ್ಕದ ಕಟ್ಟಡಗಳು ಸರಿಯಾಗಿ ಓಡುತ್ತಿಲ್ಲ, ದಯವಿಟ್ಟು ಸರಿ ಮಾಡಿ. ಯಾವನೋ ಉತ್ತರ ಬರೆದ. ಏನಂತೆ ಎಂದು ಮಂಜಣ್ಣ ಕೇಳಿದ. “ನಿನಗೇನು ಕಣ್ಣು ಕಾಣಲ್ವಾ ಅಂತ ಕೇಳಿದಾನೆ” ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾವೂ ನಕ್ಕೆವು.

ಆ ದಿನಗಳಲ್ಲಿ ಅವನು ಕುರ್ಚಿಯನ್ನು ಹಿಂದೆ ಹಿಂದೆ ಎಳೆದುಕೊಳ್ಳುತ್ತಿದ್ದ. ಅಂಗಡಿಗೆ ತಂದ ಹೊಸ ಟಿವಿ ದೊಡ್ಡದಾಯಿತು, ದೂರದಿಂದ ನೋಡಿದರೇ ಚೆಂದ ಎನ್ನುತ್ತಿದ್ದ. ಬಾಗಿಲ ಬಳಿ ನಿಲ್ಲಿಸಿದ ಬೈಕುಗಳಿಗೆ ಮೊಣಕಾಲು ತಗುಲಿಸಿಕೊಂಡು, ನಿಲ್ಲಿಸಿದವರಿಗೆ ಬೈಯುತ್ತಿದ್ದ. ಟೀ ಲೋಟ ಪಕ್ಕಕ್ಕಿಟ್ಟರೆ ಕೈ ತಾಗಿ ಉರುಳುತ್ತಿತ್ತು. “ಮದುವೆ ಯೋಚನೆ ಕಣೋ” ಎಂದು ಹುಡುಗರು ರೇಗಿಸುತ್ತಿದ್ದರು.

ಕೊನೆಗೂ ಡಿಸ್ಕ್ ಬಂತು. ಮಂಜಣ್ಣ ತಲೆಗೆ ಸ್ನಾನ ಮಾಡಿ, ಕರ್ಪೂರ ಹಚ್ಚಿ, ಆಟಕ್ಕೆ ಕೂತ. ಟ್ರೈಲರ್ ನೋಡಿ ಬೇಡ ಅಂದಿದ್ದರೂ ಅವನೊಳಗೆ ಆಸೆ ಇತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಮೊದಲ ರೇಸು ಮುಗಿಯಿತು, ಎರಡನೆಯದೂ ಮುಗಿಯಿತು. ಅವನ ಮೈ ಎತ್ತಲೂ ವಾಲಲಿಲ್ಲ. ಕಂಟ್ರೋಲರ್ ಕೆಳಗಿಟ್ಟು, “ಇಷ್ಟ್ ದಿವ್ಸ ಕಾದಿದ್ದು ಇದಕ್ಕೇನಮ್ಮಿ?” ಎಂದು ನನ್ನನ್ನು ಕೇಳಿದ.

ಇಮ್ರಾನನಿಗೆ ತಡೆಯಲಾಗಲಿಲ್ಲ. “ಇವತ್ತು ತೀರ್ಮಾನ ಆಗ್ಲೇಬೇಕು. ಹಳೇದನ್ನ ಹಾಕು. ಎರಡೂ ಹಿಂದೆ ಮುಂದೆ ಆಡು. ಆಮೇಲೆ ಹೇಳು, ಯಾವುದು ಸ್ಪೀಡು ಅಂತ.” ಹಳೆಯ ತೇಲುಗಾಡಿ ಹಾಕಿದರು. ಮಂಜಣ್ಣ ಕಣ್ಣು ಮುಚ್ಚಿ ಆಡಬಲ್ಲ ಟ್ರ್ಯಾಕ್ ಅದು. ಆಡಿದ, ಮೊದಲನೆಯವನಾಗಿ ಗೆದ್ದ. ಗೆದ್ದವನು ಟಿವಿಯನ್ನೇ ನೋಡುತ್ತಾ ಕೂತ. “ಇದಕ್ಕೇನೋ ಮಾಡಿದ್ದೀರ ಕಣ್ರೋ ನೀವು. ಇದೂ ಸ್ಲೋ ಆಗೈತೆ.”

“ಏನೂ ಮಾಡಿಲ್ಲ ಮಚ್ಚಾ. ಅದೇ ಡಿಸ್ಕು.”

“ಸುಳ್ಳು. ಅಕ್ಕಪಕ್ಕದ್ದು ಓಡ್ತಾನೇ ಇಲ್ಲ.”

ಮನುಷ್ಯ ನಿಧಾನವಾಗಬಹುದು, ಸ್ಕೂಟರು ನಿಧಾನವಾಗಬಹುದು, ಡಿಸ್ಕಿನಲ್ಲಿರುವ ಗಾಡಿ ಹೇಗೆ ನಿಧಾನವಾಗುತ್ತದೆ? ಇಮ್ರಾನ್ ಮೆಲ್ಲಗೆ ಅವನ ಕಿವಿಯ ಹತ್ತಿರ, ಪಕ್ಕದಿಂದ, ಕೈಯಾಡಿಸಿದ. ಮಂಜಣ್ಣ ಕದಲಲಿಲ್ಲ. ಕೈಯನ್ನು ಕೆನ್ನೆಯ ತನಕ ತಂದ, ಆಗಲೂ ಇಲ್ಲ. ಮೂಗಿನ ಹತ್ತಿರ ಹತ್ತಿರ ಬಂದ ಮೇಲೆ, “ಏಯ್, ಏನೋ ಅದು ಅಡ್ಡ?” ಎಂದು ರೇಗಿದ. ಇಮ್ರಾನನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

ಕಣ್ಣಾಸ್ಪತ್ರೆಗೆ ನಾನು, ದೊಡ್ಡಮ್ಮ, ಇಮ್ರಾನ್ ಮೂವರೂ ಜೊತೆಗೆ ಹೋದೆವು. ಒಳಗೆ ಬೋಗುಣಿಯಂಥ ಒಂದು ಮೆಷಿನ್. ಅದಕ್ಕೆ ಗದ್ದ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮಂಜಣ್ಣ ಹುರುಪಿನಿಂದಲೇ ಕೂತ. ನಾವು ಬಾಗಿಲಾಚೆ ನಿಂತು ಗುಂಡಿಯ ಸದ್ದಿಗೆ ಕಾಯುತ್ತಿದ್ದೆವು. ಸದ್ದು ಬರಲೇ ಇಲ್ಲ ಎನ್ನುವಷ್ಟು ಅಪರೂಪಕ್ಕೆ ಬಂತು. ಹೊರಗೆ ಬಂದವನು ನಗಲು ನೋಡಿದ. “ಗೇಮ್ ತರಾನೇ ಐತೆ ಕಣಮ್ಮಿ. ಸೋತ್ಬಿಟ್ಟೆ” ಎಂದ.

ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತಾ ನಡುವಿಗೆ ಬರುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರಮ್ಮ. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ ಎಂದೂ ಕೇಳಿದರು. ದೊಡ್ಡಮ್ಮ ಕಟ್ಟಿಕೊಂಡದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಮಾವ ಇರುವಾಗ ಹೊರಗೆ ಗಂಡು ಹುಡುಕುತ್ತಿರಲಿಲ್ಲ. ಇದು ಸಂಬಂಧದಲ್ಲಿ ಆಗದವರ ಮಕ್ಕಳಿಗೂ ಬರುತ್ತದೆ, ನಿಮ್ಮ ತಪ್ಪಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ದೊಡ್ಡಮ್ಮನ ಕಿವಿಗೆ ಬೀಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟಳು. ಮಂಜಣ್ಣ ಅವಳ ಪಕ್ಕ ಕೂತ. “ನೀನು ಮಾವನ್ನ ಕಟ್ಕೊಳ್ದಿದ್ರೆ ನಾನೇ ಇರ್ತಿರ್ಲಿಲ್ಲ ಕಣಮ್ಮ. ಇಷ್ಟ್ ವರ್ಸ ನೋಡಿದ್ನಲ್ಲ, ಅದು ಲಾಭಾನೇ” ಎಂದ. ಇಮ್ರಾನ್ ಸ್ಕೂಟರ್ ತರುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ, ಸ್ಟ್ಯಾಂಡಿನಲ್ಲಿ ಸ್ಕೂಟರಿನ ಮೇಲೆ ತಲೆಯಿಟ್ಟು ಅಳುತ್ತಿದ್ದ.

ಆಮೇಲಿನದು ಬೇಗಬೇಗ ಆಯಿತು. ಹೆಣ್ಣು ಹುಡುಕುವುದು ನಿಂತಿತು. ಬೇಡವೆಂದು ಅವನೇ ಕಡ್ಡಿ ಮುರಿದಂತೆ ಹೇಳಿದ. ಇಮ್ರಾನನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಇಬ್ಬರೂ ಒಂದು ಮಾತನ್ನೂ ಸರಿಯಾಗಿ ಆಡಲಿಲ್ಲ. ಅಳು ಬಂದೀತೆಂದು ಒಬ್ಬರನ್ನೊಬ್ಬರು ಬೈದುಕೊಂಡೇ ಬೀಳ್ಕೊಂಡರು. ಮಂಜಣ್ಣನಿಗೆ ಎದುರಿನದು ಬಾಗಿಲ ಸಂದಿಯಲ್ಲಿ ನೋಡಿದಷ್ಟು ಕಾಣುತ್ತಿತ್ತು, ಆ ಸಂದಿಯೂ ಕಿರಿದಾಗುತ್ತಾ ಬಂತು. ಅವನಿಗೆ ರಿಂಗ್ ರೋಡಿನ ಈ ಗದ್ದಲ ಇನ್ನು ಆಗದೆಂದು ದೊಡ್ಡಪ್ಪ ಕಟ್ಟಡವನ್ನು ಬಿಲ್ಡರಿಗೆ ಕೊಟ್ಟು, ಮಾಲೂರಿನ ಕಡೆ ಮನೆ ಮಾಡಿದರು.

ಸಾಮಾನು ಹೇರುವ ದಿನ ನಾನು ರಜೆ ಹಾಕಿ ಹೋದೆ. ಗೇಮ್ ಸೆಂಟರಿನಲ್ಲಿ ಒಂದು ಟಿವಿ ಮಾತ್ರ ಉಳಿದಿತ್ತು. ಅದನ್ನು ಕೊನೆಗೆ ಹೇರಿ ಎಂದು ಮಂಜಣ್ಣ ಆಳುಗಳಿಗೆ ಹೇಳಿದ್ದನಂತೆ. ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದು, “ಬಾ, ಹೊಸ ತೇಲುಗಾಡಿ ಹಾಕು. ನೀನಾಡು” ಎಂದ.

“ನಂಗೆಲ್ಲಿ ಬರುತ್ತೆ ಮಂಜಣ್ಣ? ಗೋಡೆಗೆ ಗುದ್ದಿಸ್ತೀನಿ ಅಷ್ಟೆ.”

“ಗುದ್ಸು. ನಿನ್ ಕೈ ಈ ಕಡೆ ಕೊಡು.”

ನನ್ನ ಮೊಣಕೈ ಕೆಳಗೆ ಅವನ ಅಂಗೈ ಇಟ್ಟುಕೊಂಡ. ನಾನು ಓಡಿಸಿದೆ. ಮೊದಮೊದಲು ಗುದ್ದಿಸಿಕೊಂಡೇ ಹೋದೆ. ಊರು ದಾಟಿ ನೇರ ದಾರಿ ಬಂತು. ಎರಡೂ ಕಡೆಯ ಗಾಜಿನ ಗೋಡೆಗಳು ಗೆರೆಗೆರೆಯಾಗಿ ಹಿಂದಕ್ಕೆ ಓಡಿದವು, ನನ್ನ ತೋಳು ಬಿಗಿಯಿತು, ತಿರುವಿಗೆ ನನಗೇ ತಿಳಿಯದೆ ಮೈ ವಾಲಿತು, ಬಾಯಿಂದ ಅಯ್ಯಯ್ಯೋ ಎಂದು ಬಂತು. ಮಂಜಣ್ಣ ಗಟ್ಟಿಯಾಗಿ ನಕ್ಕ. ಎಷ್ಟೋ ತಿಂಗಳಿಂದ ನಾನು ಆ ನಗು ಕೇಳಿರಲಿಲ್ಲ.

“ಐತೆ ಕಣಮ್ಮಿ! ಸ್ಪೀಡ್ ಐತೆ. ನೀನು ಸುಳ್ಳೇಳಬೌದು, ನಿನ್ ಕೈ ಸುಳ್ಳೇಳಾಕಿಲ್ಲ. ಇಮ್ರಾನ್‌ಗೆ ಫೋನ್ ಅಚ್ಚು.”

ಸ್ಪೀಕರ್ ಹಾಕಿದೆ. ಮಂಜಣ್ಣ ಪೀಠಿಕೆಯೇ ಇಲ್ಲದೆ, “ಲೇ, ನೀನೇ ಗೆದ್ದೆ. ಸ್ಪೀಡ್ ಐತೆ” ಎಂದ. ಅತ್ತ ಕಡೆಯಿಂದ ಇಮ್ರಾನನ ದನಿ ಬಂತು: “ಇಲ್ಲ ಮಚ್ಚಾ, ನೀನೇ ಕರೆಕ್ಟು. ನಾನಿಲ್ಲಿ ದೊಡ್ಡ ಟಿವಿಲಿ ಆಡ್ದೆ. ಬಿಲ್ಕುಲ್ ಸ್ಲೋ. ಬೇಕಾರ್ ಗೇಮು.”

“ಸುಳ್ ಬೊಗಳ್ಬೇಡ.”

“ಅಲ್ಲಾಣೆ ಸ್ಲೋ!”

ಮತ್ತೆ ಅದೇ ಜಗಳ, ಪಾರ್ಟಿ ಮಾತ್ರ ಅದಲುಬದಲು. ಇವನು ಇದೆ ಎನ್ನುತ್ತಾನೆ, ಅವನು ಇಲ್ಲ ಎನ್ನುತ್ತಾನೆ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಕೂಗಾಡಿ ಕೂಗಾಡಿ ಮಂಜಣ್ಣ ತಣ್ಣಗಾದ. “ನನ್ ಕಣ್ ಓಯ್ತು ಅಂತ ಗಾಡಿ ಯಾಕೋ ನಿಲ್ಲಿಸ್ತೀಯ? ನಂಗ್ ಕಾಣ್ದಿದ್ರೂ ಅದು ಓಡ್ಲಿ ಬಿಡೋ” ಎಂದ. ಇಮ್ರಾನ್, “ಸ್ಲೋ ಅಂದ್ರೆ ಸ್ಲೋ” ಎಂದು ಫೋನ್ ಇಟ್ಟುಬಿಟ್ಟ. ಮಂಜಣ್ಣ ಟಿವಿಯ ವೈರನ್ನು ತಡಕಿ ತಾನೇ ಕಿತ್ತು, ಸುತ್ತಿ, ನನ್ನ ಕೈಗೆ ಕೊಟ್ಟ.

ಅವನನ್ನು ನಾನು ಜೀವಂತವಾಗಿ ನೋಡಿದ್ದು ಅದೇ ಕೊನೆ. ಮರುವರ್ಷ ಮಳೆಗಾಲದಲ್ಲಿ ಮಾಲೂರಿನಲ್ಲಿ ಡೆಂಗಿ ಜ್ವರ ಬಂತು, ವಾರ ತುಂಬುವ ಮುಂಚೆ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮಧ್ಯಾಹ್ನ ದುಬೈನಿಂದ ಫೋನ್ ಬಂತು. ಇಮ್ರಾನನ ಮಾತು ಅಳುವಿನಲ್ಲಿ ತುಂಡುತುಂಡಾಗುತ್ತಿತ್ತು. “ಗೀತಾ, ಅವ್ನು ಫೋನ್ ಮಾಡಿದ್ದು ಒಂದೇ ಒಂದು ಮಾತು ಕೇಳೋಕೆ. ಹೌದು ಮಚ್ಚಾ, ಸ್ಪೀಡಿದೆ ಅಂತ. ನಾನು ಅನ್ನಲೇ ಇಲ್ಲ.”

“ಯಾಕೆ ಅನ್ನಲಿಲ್ಲ ಅಂತ ಅವನಿಗೆ ಗೊತ್ತಿತ್ತು ಬಿಡೋ” ಎಂದೆ. ಫೋನ್ ಇಡಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ಇಮ್ರಾನ್ ಮೂಗೆಳೆದುಕೊಂಡು, ನನಗಲ್ಲ, ಇನ್ನಾರಿಗೋ ಹೇಳುವಂತೆ, “ಇತ್ತು ಮಚ್ಚಾ. ತುಂಬಾ ಸ್ಪೀಡಿತ್ತು” ಎಂದ.