ಅತ್ತೆಯವರ ಉಪ್ಪು, ನಮ್ಮವರ ಸಮುದ್ರ

ನಾಟಕದ ಪರದೆಯ ಮೇಲೆ ಹಡಗು ಬರೆದುಕೊಡುತ್ತೇನೆಂದು ನಮ್ಮ ಮನೆಯವರು ಒಪ್ಪಿಕೊಂಡು ಬಂದಾಗ, ಅವರು ಕಂಡಿದ್ದ ದೊಡ್ಡ ನೀರೆಂದರೆ ಹಾನಗಲ್ಲಿನ ಕೆರೆಯೊಂದೇ. ಆ ಪರದೆ ನಾಟಕ ಕಂಪನಿಯ ಮಾಲೀಕರಿಗೆ ಹಿಡಿಸದಿದ್ದರೆ ಕುಂಚ ಮೂಲೆಗಿಟ್ಟು ತಿಳವಳ್ಳಿಯ ಸೋದರಮಾವನ ಕಾಳಿನ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಆ ತಕ್ಕಡಿಯ ಹೆಸರೆತ್ತಿದರೇ ಅವರ ಮುಖ ಬಾಡುತ್ತಿತ್ತು.

ಯುದ್ಧದ ಕಾಲ, ಬಟ್ಟೆ ಸಿಗುತ್ತಿರಲಿಲ್ಲ. ಅತ್ತೆಯವರು ಟ್ರಂಕು ತೆಗೆದು, ತೀರಿಹೋದ ಮಾವನವರ ಧೋತರಗಳನ್ನು ಹೊರಗಿಟ್ಟರು. "ಬಣ್ಣದಿಂದ ಹೊಟ್ಟಿ ತುಂಬೂದಿಲ್ಲ" ಎಂದು ಬದುಕಿರುವವರೆಗೂ ಮಗನನ್ನು ಬೈದವರು ಮಾವನವರು. ನಾನು ಅವನ್ನು ಜೋಡಿಸಿ ಹೊಲಿದೆ. ಅತ್ತೆಯವರು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಬಣ್ಣಕ್ಕೆ ಬೇಕಾದ ಅಂಟು ಕುದಿಸಿದರು. ದೀಪದ ಮಸಿ ಕೆರೆದವಳೂ ನಾನೇ, ಬಟ್ಟೆಗೆ ಹಾಕುವ ನೀಲಿ ಕದಡಿದವಳೂ ನಾನೇ. ಕಲಾವಿದರು ಮಾತ್ರ ಚಹಾ ಕುಡಿಯುತ್ತ, ಒಂದು ಕಣ್ಣು ಮುಚ್ಚಿ ಸಮುದ್ರ ಅಳೆಯುತ್ತಿದ್ದರು.

ಹಡಗು ಚೆಂದ ಬಂತು. ಬಣ್ಣ ಸಾಲದೆ ಹಾಯಿಯ ಜಾಗದಲ್ಲಿ ಧೋತರವನ್ನು ಕೆಂಪು ಅಂಚಿನ ಸಮೇತ ಹಾಗೇ ಬಿಟ್ಟರು. ಆದರೆ ಆ ಮಳೆಗಾಲದಲ್ಲಿ ಪರದೆ ಒಣಗಲೇ ಇಲ್ಲ; ಬೆಳಿಗ್ಗೆ ನೋಡಿದರೆ ಅಲೆಗಳೆಲ್ಲ ಬೆವರುತ್ತಿದ್ದವು.

ಅಷ್ಟರಲ್ಲಿ ಮಾಲೀಕರು ಸವಣೂರಿನಿಂದ ಎಲೆ ಅಗಿಯುತ್ತ ಬಂದೇಬಿಟ್ಟರು. ಅಲೆಯ ಬಿಳಿ ನೊರೆಯನ್ನು ಮುಟ್ಟಿ ನೋಡಿದರು. ದಿನವೆಲ್ಲ ಎಲೆಗೆ ಸುಣ್ಣ ತೀಡಿ ಬೆರಳು ನೆಕ್ಕುವ ಚಾಳಿ. ಆ ಬೆರಳೂ ತಾನಾಗಿ ನಾಲಿಗೆಗೆ ಹೋಯಿತು. ನಮ್ಮವರು ಗೋಡೆ ಹಿಡಿದು ನಿಂತರು.

"ಅರೇ, ಉಪ್ಪೈತಲ್ರಿ!" ಎಂದರು ಮಾಲೀಕರು. "ಸಮುದ್ರ ಕಣ್ಣಾರೆ ನೋಡಿದವರ ಕೆಲಸ ಬಿಡ್ರಿ ಇದು. ಪರದೆ ನಮಗಿರ್ಲಿ."

ಬಾಗಿಲ ಹಿಂದೆ ನಿಂತಿದ್ದ ನಾನು ಅತ್ತೆಯವರ ಕಡೆ ತಿರುಗಿದೆ.

"ಅಂಟಾದ್ರೇನು, ಒಲಿ ಮ್ಯಾಲ ಕುದಿಯೂದಕ್ಕ ಉಪ್ಪು ಹಾಕದ ಹೆಂಗ ಇರೂದವ್ವ? ಕೈ ತಾನ ಹೋತು," ಎಂದು ಪಿಸುಗುಟ್ಟಿದರು.

ನಾಟಕದ ದಿನ ಪರದೆ ಇಳಿದಾಗ ಜನ ಚಪ್ಪಾಳೆ ತಟ್ಟಿದರು. ನಮ್ಮವರು ಮುಂದಿನ ಸಾಲಿನಲ್ಲಿ ಊರೂರ ಬಂದರುಗಳನ್ನೆಲ್ಲ ಸುತ್ತಿ ಬಂದವರ ಗತ್ತಿನಲ್ಲಿ ಕೂತಿದ್ದರು. ಹೆಂಗಸರ ಕಡೆ ಕೂತಿದ್ದ ಅತ್ತೆಯವರು ನನ್ನ ಕೈ ಒತ್ತಿ ಹಾಯಿಯ ಕೆಂಪು ಅಂಚನ್ನು ತೋರಿಸಿದರು. ಅವರ ಕಣ್ಣು ತುಂಬಿದ್ದು ಕಂಡು ನನಗೂ ಅಳು ಬಂತು.

"ಬಂಕಾಪುರ ಸುದ್ದಾ ದಾಟಿದವರಲ್ಲ ನಿಮ್ಮ ಮಾವಾರು," ಎಂದರು. "ಈಗ ನೋಡು, ಮಗನ ಹಡಗು ಎಳಕೊಂಡು ಹೊಂಟಾರ."